ಗದ್ದೆ ಹಡಿಲು, ಮನೆಗೆ ಬೀಗ: ಹೆದರದೆ ಬಾಡಿಗೆಗೆ ಕೊಡಲು ಏನೇನು ಮಾಡಬೇಕು

ಕುಂದಾಪುರದ ಹತ್ತಿರ ನನ್ನ ಅಮ್ಮನ ತವರು. ಅಂಗಳ ಇಳಿದರೆ ಒಂದೂವರೆ ಎಕರೆ ಗದ್ದೆ. ಆರು ವರ್ಷದಿಂದ ಬೆಳೆ ಇಲ್ಲದೆ ಹಡಿಲು ಬಿದ್ದಿದೆ. ಅಂಚು ಕುಸಿದಿದೆ, ಒಳಗೆಲ್ಲ ನಾಚಿಕೆ ಮುಳ್ಳು ಹಬ್ಬಿದೆ. ಕಳೆದ ಮಳೆಗಾಲಕ್ಕೆ ಮುಂಚೆ ಆಚೆ ಮನೆಯ ಹುಡುಗ ಬಂದು ಕೇಳಿದ: "ಮಾವ, ನಾನು ನಟ್ಟಿ ಮಾಡ್ತೇನೆ, ವರ್ಷಕ್ಕೆ ಇಷ್ಟು ಅಂತ ಅಕ್ಕಿ ಕೊಡ್ತೇನೆ." ನನ್ನ ಸೋದರಮಾವ ಕಾಫಿ ಕೊಟ್ಟು, ಒಳ್ಳೆ ಮಾತಾಡಿ, ಅವನನ್ನು ಕಳಿಸಿಬಿಟ್ಟರು. ಆಮೇಲೆ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ನಾಳೆ ಅವನು ಡಿಕ್ಲರೇಷನ್ ಕೊಟ್ಟರೆ?"

ಡಿಕ್ಲರೇಷನ್ ಅಂದರೆ ಗೇಣಿಗೆ ಉಳುತ್ತಿದ್ದವರು ಆ ಜಮೀನು ತಮಗೆ ಬೇಕು ಅಂತ ಸರ್ಕಾರಕ್ಕೆ ಕೊಡುತ್ತಿದ್ದ ಅರ್ಜಿ. ಆ ಗದ್ದೆ ನಮ್ಮ ಅಜ್ಜನಿಗೆ ಬಂದದ್ದೇ ಡಿಕ್ಲರೇಷನ್‌ನಿಂದ. ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಮುಡಿಗಟ್ಟಲೆ ಅಕ್ಕಿ ಹೊತ್ತು ಧಣಿಗಳ ಮನೆಗೆ ಹಾಕುತ್ತಿದ್ದವರು. 1974ರ ಭೂ ಸುಧಾರಣೆ ಮಸೂದೆ ಬಂದ ಮೇಲೆ ಗದ್ದೆ ಅವರ ಹೆಸರಿಗೆ ಆಯಿತು. ಈಗ ಅವರ ಮಗ ಅದೇ ಗದ್ದೆಯನ್ನು ಇನ್ನೊಬ್ಬರ ಕೈಗೆ ಕೊಡಲು ಹೆದರುತ್ತಿದ್ದಾರೆ. ಅಷ್ಟೇ ಅಲ್ಲ, ಶಿವಮೊಗ್ಗದಲ್ಲಿ ಮಾವ ಕಟ್ಟಿಸಿದ ಮನೆಗೂ ಬೀಗ ಬಿದ್ದಿದೆ. ಅದಕ್ಕೂ ಅದೇ ಕಾರಣ: "ಒಳಗೆ ಬಂದವರು ಏಳದಿದ್ದರೆ?"

ಮಾವನಂಥವರು ಒಬ್ಬಿಬ್ಬರಲ್ಲ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲೇ 1 ಕೋಟಿಗೂ ಜಾಸ್ತಿ ಮನೆ ಖಾಲಿ ಇದ್ದವು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಡಿಲು ಗದ್ದೆ ಇಲ್ಲದ ಊರು ಹುಡುಕಬೇಕು. ಹೆದರಿಕೆಗೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಗದ್ದೆಯ ಹೆದರಿಕೆಯನ್ನು ನಾವು ಮನೆಗೆ ತಂದಿದ್ದೇವೆ. 1974ರ ಹೆದರಿಕೆಯನ್ನು ಇವತ್ತಿಗೆ ತಂದಿದ್ದೇವೆ. ಇವನ್ನು ಬಿಡಿಸಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಮಾವನಿಗೆ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಆಸ್ತಿ ಯಾವ ಕಾನೂನಿನ ಕೆಳಗೆ ಬರುತ್ತದೆ ನೋಡಿ

ಪಹಣಿ ತೆಗೆಸಿ. ಆಸ್ತಿಗೆ ಪಹಣಿ ಇದೆ, ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ ಆಗಿಲ್ಲ ಅಂದರೆ ಅದು ಕೃಷಿ ಜಮೀನು. ಅದಕ್ಕೆ ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961 ಅನ್ವಯ. ಮನೆ, ಅಂಗಡಿ, ಗೋದಾಮು ಆದರೆ ಆ ಕಾಯ್ದೆಗೂ ನಿಮ್ಮ ಬಾಡಿಗೆಗೂ ಸಂಬಂಧವೇ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಥವಾ 1882ರ ಆಸ್ತಿ ವರ್ಗಾವಣೆ ಕಾಯ್ದೆ. "ಉಳುವವನೇ ಹೊಲದೊಡೆಯ" ಅನ್ನುವುದು ಹೊಲಕ್ಕೆ ಹೇಳಿದ ಮಾತು. ಬಾಡಿಗೆಗೆ ಇದ್ದವನೇ ಮನೆಯೊಡೆಯ ಅಂತ ಯಾವ ಕಾನೂನೂ ಹೇಳಿಲ್ಲ.

ಪಹಣಿ ಕೈಗೆ ಬಂದಾಗ 9ನೇ ಕಾಲಂ ಮಾತ್ರ ನೋಡಿ ಮಡಚಿ ಇಡಬೇಡಿ. ಅಲ್ಲಿ ಮಾಲೀಕರ ಹೆಸರಿರುತ್ತದೆ. 11ರಲ್ಲಿ ಸಾಲ, ತಕರಾರು ಇರುತ್ತದೆ. 12ರಲ್ಲಿ ಸಾಗುವಳಿ ಮಾಡುವವರು ಯಾರು, ಏನು ಬೆಳೆ ಅಂತ ಇರುತ್ತದೆ. ವರ್ಷಕ್ಕೊಮ್ಮೆ ಆ 12ನೇ ಕಾಲಂ ಮೇಲೆ ಬೆರಳಿಟ್ಟು ಓದಿ. ನಿಮಗೆ ಗೊತ್ತಿಲ್ಲದ ಹೆಸರು ಕಂಡರೆ ಸುಮ್ನೆ ಕೂರಬೇಡಿ, ತಹಶೀಲ್ದಾರರ ಕಚೇರಿಗೆ ಬರವಣಿಗೆಯಲ್ಲಿ ಆಕ್ಷೇಪ ಕೊಡಿ, ಸ್ವೀಕೃತಿ ಪಡೆಯಿರಿ.

ಎರಡನೇ ಹೆಜ್ಜೆ: ಗದ್ದೆ, ಹೊಲ ಇದ್ದರೆ ಹೆದರಿಕೆಯ ಮೂಲ ತಿಳಿಯಿರಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಗೊತ್ತಾಗದೆ ಮುಂದಿನದು ಅರ್ಥ ಆಗುವುದಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಗೇಣಿದಾರರ ಬದುಕು ಹೇಗಿತ್ತು ಅನ್ನುವುದಕ್ಕೆ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ. 1951ರಲ್ಲಿ ಅಲ್ಲಿ ಸತ್ಯಾಗ್ರಹ ನಡೆಯಿತು. ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯುವಾಗ ದೊಡ್ಡ ಕೊಳಗ ಇಟ್ಟು ಒಡೆಯರು ಜಾಸ್ತಿ ತೆಗೆದುಕೊಳ್ಳುತ್ತಿದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ರೈತರ ಜೊತೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1961ರಲ್ಲಿ ಕಾಯ್ದೆ ಆಯಿತು. ಆದರೆ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಅವರ ಕಾಲದಲ್ಲಿ. 1974ರ ಮಾರ್ಚ್ 1ಕ್ಕೆ ತಿದ್ದುಪಡಿ ಜಾರಿಗೆ ಬಂತು. ಆ ದಿನಕ್ಕೆ ಗೇಣಿದಾರರ ಕೈಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ನಮ್ಮ ಕಡೆ ಅದಕ್ಕೇ ಡಿಕ್ಲರೇಷನ್ ಅನ್ನುವುದು. ಭೂ ನ್ಯಾಯಮಂಡಳಿ ವಿಚಾರಿಸಿ ಅಧಿಭೋಗದ ಹಕ್ಕು, ಅಂದರೆ ಜಮೀನು ತಮ್ಮದಾಗಿ ಇಟ್ಟುಕೊಳ್ಳುವ ಹಕ್ಕು, ಕೊಟ್ಟಿತು.

ನನ್ನ ಅಜ್ಜನ ಬದುಕು ಅದರಿಂದ ನೆಟ್ಟಗಾಯಿತು. ಅದು ನ್ಯಾಯದ ಕೆಲಸ ಅಂತಲೇ ನಾನು ನಂಬಿದ್ದೇನೆ.

ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಇನ್ನು ಮುಂದೆ ಹೊಸದಾಗಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತೆಯೇ ಇಲ್ಲ ಅಂದಿತು. ಕಾಯ್ದೆಯ 5ನೇ ಸೆಕ್ಷನ್ ಅದು. ಸೇವೆಯಲ್ಲಿರುವ ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದದ್ದು ಸುದ್ದಿಯಾಯಿತಲ್ಲ, ಅದು ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದ್ದು. ಅದಾದ ಮೇಲೆ ಗೇಣಿಗೂ ಬಾಗಿಲು ತೆರೆಯಿತು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಕೊಳ್ಳುವುದೇ ಬೇರೆ, ಗೇಣಿಗೆ ಕೊಡುವುದೇ ಬೇರೆ.

ಹಾಗಂತ ಗೇಣಿ ನಿಂತಿದೆಯಾ? ಇಲ್ಲ. ಹಳೇ ಮೈಸೂರು ಕಡೆ ಗೇಣಿಗೆ ವಾರ ಅನ್ನುವ ಹೆಸರಿಟ್ಟು ಕೊಡುತ್ತಾರೆ, ಉತ್ತರ ಕರ್ನಾಟಕದಲ್ಲಿ ಲಾವಣಿಗೆ ಹಾಕುತ್ತಾರೆ, ಎಲ್ಲ ಕಡೆ ಪಾಲಿಗೆ ಮಾಡುತ್ತಾರೆ. ಎಲ್ಲವೂ ಬಾಯಿಮಾತು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಮಾಲೀಕರು ಹೆದರಿ ವರ್ಷ ವರ್ಷ ಆಳು ಬದಲಿಸುತ್ತಾರೆ. ಮುಂದಿನ ವರ್ಷ ಈ ಹೊಲ ತನಗಿಲ್ಲ ಅಂತ ಗೊತ್ತಿದ್ದವನು ಹಟ್ಟಿ ಗೊಬ್ಬರ ಹಾಕುತ್ತಾನಾ? ಒಡೆದ ಬದು ಕಟ್ಟುತ್ತಾನಾ? ಯೂರಿಯಾ ಎರಚಿ ಬಂದಷ್ಟು ಬೆಳೆದು ಹೋಗುತ್ತಾನೆ. ನೆಲ ಸಾಯುತ್ತದೆ. ಬ್ಯಾಂಕಿನ ಬೆಳೆ ಸಾಲ, ಪಿಎಂ ಕಿಸಾನ್ ಹಣ, ನೆರೆ ಬಂದಾಗ ಪರಿಹಾರ ಇವೆಲ್ಲ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಬಿಸಿಲಲ್ಲಿ ಬೆವರು ಸುರಿಸಿದವನಿಗೆ ಬರಿಗೈ. ಗೇಣಿದಾರರನ್ನು ಕಾಪಾಡಲು ಹಾಕಿದ ಬೇಲಿ ಇವತ್ತಿನ ಗೇಣಿದಾರನನ್ನೇ ಹೊರಗೆ ನಿಲ್ಲಿಸಿದೆ. ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಗೇಣಿಗೆ ಕಾನೂನಿನ ಚೌಕಟ್ಟು ಕೊಡಿ ಅಂತ 2016ರಲ್ಲಿ ನೀತಿ ಆಯೋಗ ಒಂದು ಮಾದರಿ ಕಾಯ್ದೆಯನ್ನೇ ಮುಂದಿಟ್ಟಿತು. ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳಿಗೆ ಪ್ರತ್ಯೇಕ ಕಾಯ್ದೆ ಮಾಡಿತು.

ಈಗ ಮಾವನ ಪ್ರಶ್ನೆಗೆ ಬರೋಣ. ನಾಳೆ ಆ ಹುಡುಗ ಡಿಕ್ಲರೇಷನ್ ಕೊಡಬಹುದಾ? ಕೊಡಲಾರ. ನಮೂನೆ 7 ಇದ್ದದ್ದು 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿಯಲ್ಲಿ ಇದ್ದವರಿಗೆ. ಅರ್ಜಿಯ ಕೊನೆಯ ಗಡುವು 1979ರ ಜೂನ್ 30. ಬಿಟ್ಟುಹೋದವರಿಗೆ ಆಮೇಲೆ ನಮೂನೆ 7ಎ ಬಂತು, ಅದೂ 1974ಕ್ಕೆ ಮುಂಚಿನಿಂದ ಸಾಗುವಳಿಯಲ್ಲಿ ಇದ್ದವರಿಗೇ. ಇವತ್ತು ಹೊಲಕ್ಕೆ ಇಳಿದವನಿಗೆ ಆ ದಾರಿ ಇಲ್ಲ. ಹಳೇ ಹೆದರಿಕೆಗೆ ಇವತ್ತು ಬುಡ ಇಲ್ಲ.

ಆದರೆ ಬೇರೆ ತೊಂದರೆ ಇದೆ. ನಿಷೇಧ ಇರುವುದರಿಂದ ನೀವು ಬರೆಸಿಕೊಂಡ ಗೇಣಿ ಕರಾರಿಗೆ ಕೋರ್ಟಿನಲ್ಲಿ ಬಲ ಇಲ್ಲ. ಆತ ಬಿಡದಿದ್ದರೆ ಕರಾರು ತೋರಿಸಿ ಬಿಡಿಸಲು ಆಗುವುದಿಲ್ಲ, ಕೊಡಬೇಕಾದ್ದು ಕೊಡದಿದ್ದರೆ ವಸೂಲಿಯೂ ಇಲ್ಲ. ಹಾಗಾಗಿ "100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಗೇಣಿ ಬರೆಸಿದ್ದೇನೆ, ಚಿಂತೆ ಇಲ್ಲ" ಅನ್ನಬೇಡಿ.

ಮೂರನೇ ಹೆಜ್ಜೆ: ಗದ್ದೆ ಹಡಿಲು ಬಿಡದೆ ಇರಲು ಇರುವ ದಾರಿ

ಕಾಯ್ದೆಯಲ್ಲೇ ಒಂದು ದಾರಿ ಇದೆ. ಅದನ್ನು ಓದುವವರು ಕಡಿಮೆ. ಸ್ವಂತ ಸಾಗುವಳಿ ಅಂದರೆ ನೀವೇ ನೇಗಿಲು ಹಿಡಿಯಬೇಕು ಅಂತ ಇಲ್ಲ. ನಿಮ್ಮ ಅಥವಾ ಮನೆಯವರ ಉಸ್ತುವಾರಿಯಲ್ಲಿ ಕೂಲಿ ಕೊಟ್ಟು ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಕೂಲಿ ಹಣದಲ್ಲಿ ಇರಬಹುದು, ವಸ್ತುವಿನಲ್ಲೂ ಇರಬಹುದು. ಆದರೆ ಬೆಳೆಯಲ್ಲಿ ಪಾಲು ಆಗಿರಬಾರದು. ವ್ಯತ್ಯಾಸ ಇಷ್ಟೇ. "ದಿನಕ್ಕೆ ಇಷ್ಟು ಕೂಲಿ" ಅಂದರೆ ನೀವು ಸಾಗುವಳಿದಾರರು. "ಬಂದದ್ದರಲ್ಲಿ ಅರ್ಧ ನಿನಗೆ" ಅಂದ ಕೂಡಲೇ ಅದು ಗೇಣಿಯ ಕಡೆ ವಾಲುತ್ತದೆ.

ಹಾಗಾಗಿ ಆಚೆ ಮನೆಯ ಹುಡುಗನಿಗೆ ಕೆಲಸ ವಹಿಸಿ. ಉಳುಮೆಗೆ ಇಷ್ಟು, ನಾಟಿಗೆ ಇಷ್ಟು, ಕೊಯ್ಲಿಗೆ ಇಷ್ಟು ಅಂತ ಮಾತಾಡಿ ಹಣ ಕೊಡಿ. ಕೃಷಿ ಯಂತ್ರಧಾರೆ ಕೇಂದ್ರದಿಂದ ನಾಟಿ ಯಂತ್ರ, ಕೊಯ್ಲು ಯಂತ್ರ ಬಾಡಿಗೆಗೆ ಸಿಗುತ್ತದೆ, ಬಿಲ್ ನಿಮ್ಮ ಹೆಸರಲ್ಲಿ ತೆಗೆಸಿ. ಬೀಜ, ಗೊಬ್ಬರದ ರಸೀದಿಯೂ ನಿಮ್ಮ ಹೆಸರಲ್ಲಿರಲಿ. ಇವನ್ನೆಲ್ಲ ಒಂದು ಫೈಲಿನಲ್ಲಿ ವರ್ಷದ ಪ್ರಕಾರ ಇಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಅಂತ ನೋಡಿ.

ಊರವರು ಒಟ್ಟಾಗುವುದು ಇನ್ನೊಂದು ದಾರಿ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಿತು. ಕೇದಾರೋತ್ಥಾನ ಟ್ರಸ್ಟ್ ಮುಂದೆ ನಿಂತು ಊರೂರಲ್ಲಿ ಬೀಳುಬಿದ್ದ ಗದ್ದೆಗಳಲ್ಲಿ ಭತ್ತ ಬೆಳೆಸಿತು. ಒಬ್ಬ ವ್ಯಕ್ತಿಯ ಕೈಗೆ ಕೊಡಲು ಅಂಜುವವರಿಗೆ ಹೀಗೆ ಹತ್ತಾರು ಜನರ ಎದುರು ಕೊಡುವುದು ಸುಲಭ.

ನಾಲ್ಕನೇ ಹೆಜ್ಜೆ: ಮನೆ, ಅಂಗಡಿಗೆ ಯಾವ ಕಾಯ್ದೆ ಅಂತ ಗೊತ್ತುಮಾಡಿಕೊಳ್ಳಿ

ಮನೆಯ ವಿಷಯದಲ್ಲೂ ಹಳೇ ಗಾಯ ಒಂದಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬಾಡಿಗೆ ಏರಿಸುವುದೂ ಕಷ್ಟ, ಬಿಡಿಸುವುದೂ ಕಷ್ಟ. ಮುಂಬೈಯಲ್ಲಿ ಇದ್ದ ನಮ್ಮವರಿಗೆ ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ) ಕೋಣೆಗಳ ಕಥೆ ಗೊತ್ತಿರುತ್ತದೆ, ಕಟ್ಟಡ ಬೀಳುವ ಹಾಗಿದ್ದರೂ ಬಾಡಿಗೆ ಮಾತ್ರ ಅಜ್ಜನ ಕಾಲದ್ದು. ದುರಸ್ತಿ ಮಾಡಿಸಲು ಮಾಲೀಕರಿಗೆ ಮನಸ್ಸೂ ಇಲ್ಲ, ದುಡ್ಡೂ ಇಲ್ಲ.

ಕರ್ನಾಟಕದಲ್ಲಿ ಆ ಕಾಯ್ದೆಯ ಬದಲು 1999ರ ಬಾಡಿಗೆ ಕಾಯ್ದೆ ಬಂತು. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರಲ್ಲಿ ಮಾಲೀಕರು ತಿಳಿಯಬೇಕಾದ ಮುಖ್ಯ ಮಾತು ಇದು: ಬೆಂಗಳೂರಿನಂಥ ಮೊದಲ ಪಟ್ಟಿಯ ಪ್ರದೇಶಗಳಲ್ಲಿ ತಿಂಗಳ ಬಾಡಿಗೆ 3,500 ರೂ. ದಾಟಿದರೆ, ಉಳಿದ ಕಡೆ 2,000 ರೂ. ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೊಸದಾಗಿ ಕಟ್ಟಿದ ಕಟ್ಟಡಕ್ಕೆ 15 ವರ್ಷ ವಿನಾಯಿತಿ ಇದೆ. 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳೂ ಹೊರಗೆ. ಇವತ್ತಿನ ಬಾಡಿಗೆ ನೋಡಿದರೆ ಪೇಟೆಯ ಬಹುಪಾಲು ಮನೆಗಳು ಈ ಕಾಯ್ದೆಯ ಹೊರಗೇ ಇವೆ. ಅಲ್ಲಿ ನಡೆಯುವುದು ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವಿಬ್ಬರೂ ಸಹಿ ಹಾಕಿದ ಕರಾರು.

ಮಾವನ ಶಿವಮೊಗ್ಗದ ಮನೆಯೂ ಅಷ್ಟೇ. ಇಷ್ಟು ಹೇಳಿದ ಮೇಲೆ ಅವರು ಮೊದಲ ಸಲ ಬೀಗದ ಕೈ ಎಲ್ಲಿದೆ ಅಂತ ಹುಡುಕಿದರು.

2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಬಗ್ಗೆ ಕೇಳಿರುತ್ತೀರಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಮುಂಗಡ ಬೇಡ ಅನ್ನುವ ಮಾತು ಬಂದದ್ದು ಅದರಿಂದ. ಅದು ಮಾದರಿ ಮಾತ್ರ. ಆಯಾ ರಾಜ್ಯ ಕಾಯ್ದೆ ಮಾಡಿದರೆ ಮಾತ್ರ ಜಾರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಬೆಳೆದದ್ದಕ್ಕೂ ಈ ಹೆದರಿಕೆಯೇ ಒಂದು ಕಾರಣ. ಬಿಡಿಸಲು ಆಗದಿದ್ದರೆ ಕೈಯಲ್ಲಿ ಹಣವಾದರೂ ಇರಲಿ ಅಂತ. ಕಾಗದ ಸರಿ ಮಾಡಿಕೊಂಡರೆ ಅಷ್ಟು ಹಣ ಹಿಡಿದಿಡುವ ಅಗತ್ಯ ಇಲ್ಲ. ಸಂಬಳ ಶುರುವಾದ ಹುಡುಗ ಹುಡುಗಿಯರಿಗೆ ಅದು ದೊಡ್ಡ ಹೊರೆ, ಅಲ್ವಾ?

ಐದನೇ ಹೆಜ್ಜೆ: ಕರಾರು ಬರೆಯಿರಿ

ಎಲ್ಲರೂ 11 ತಿಂಗಳಿಗೇ ಬರೆಯುವುದು ಯಾಕೆ ಗೊತ್ತಾ? ಒಂದು ವರ್ಷ ಮೀರಿದ ಲೀಸ್ ಆದರೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ. ಮೂರು ವರ್ಷಕ್ಕೆ ಬರೆಸಿ ನೋಂದಣಿ ಮಾಡಿಸದಿದ್ದರೆ, ಜಗಳ ಆದಾಗ ಅದರಲ್ಲಿನ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ತೋರಿಸಲು ಆಗುವುದಿಲ್ಲ. ಹಾಗಾಗಿ ಎರಡರಲ್ಲಿ ಒಂದು ಮಾಡಿ: 11 ತಿಂಗಳಿಗೆ ಬರೆದು ಸರಿಯಾದ ಇ-ಸ್ಟಾಂಪ್ ಹಾಕಿ, ಇಲ್ಲವೇ ಉದ್ದಕ್ಕೆ ಬರೆದು ನೋಂದಣಿ ಮಾಡಿಸಿ. ಭೋಗ್ಯಕ್ಕೆ ಕೊಡುವವರು ಇದನ್ನು ಮರೆಯಲೇಬಾರದು. ಅಲ್ಲಿ ಲಕ್ಷಗಟ್ಟಲೆ ಹಣ ಕೈ ಬದಲಾಗುತ್ತದೆ, ಅದೂ ಎರಡು ಮೂರು ವರ್ಷಕ್ಕೆ.

ಕರಾರಿನಲ್ಲಿ ಸ್ಪಷ್ಟ ಇರಬೇಕಾದ್ದು ಅವಧಿ. "ಈ ಮನೆಯನ್ನು ವಾಸಕ್ಕೆ ಮಾತ್ರ, ಜೂನ್ 1ರಿಂದ 11 ತಿಂಗಳಿಗೆ ಕೊಟ್ಟಿದೆ. ಅವಧಿ ಮುಗಿದ ದಿನ ಖಾಲಿ ಮಾಡಿ ಬೀಗದ ಕೈ ಕೊಡತಕ್ಕದ್ದು, ಅಥವಾ ಇಬ್ಬರೂ ಒಪ್ಪಿ ಹೊಸ ಕರಾರು ಮಾಡಿಕೊಳ್ಳತಕ್ಕದ್ದು" ಅಂತ ಸರಳವಾಗಿ ಬರೆಯಿರಿ. ವರ್ಷಕ್ಕೆ ಎಷ್ಟು ಶೇಕಡ ಏರಿಕೆ, ಯಾರು ಎಷ್ಟು ದಿನ ಮುಂಚೆ ಹೇಳಬೇಕು, ಮರುಬಾಡಿಗೆಗೆ ಕೊಡಬಾರದು, ಬಣ್ಣದ ಖರ್ಚು ಯಾರದ್ದು, ನೀರಿನ ಬಿಲ್ ಯಾರದ್ದು, ಎಲ್ಲ ಬರಲಿ. ಬಣ್ಣದ ವಿಷಯ ಸಣ್ಣದು ಅನ್ನಿಸುತ್ತದೆ. ಆದರೆ ಮನೆ ಬಿಡುವ ದಿನ ಜಗಳ ಆಗುವುದು ಅಲ್ಲೇ.

ಬಾಡಿಗೆದಾರರ ಗುರುತಿನ ಚೀಟಿ, ಕೆಲಸದ ವಿವರ ತೆಗೆದುಕೊಳ್ಳಿ. ಜಾತಿ, ಊಟ, ಮದುವೆ ಆಗಿದೆಯೋ ಇಲ್ಲವೋ ಇವನ್ನು ಕೆದಕುವುದು ಬಿಡಿ. ಬಾಡಿಗೆ ಸರಿಯಾಗಿ ಬರುತ್ತದೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆರನೇ ಹೆಜ್ಜೆ: ಬೀಗದ ಕೈ ಕೊಡುವ ದಿನ, ಮತ್ತು ಆಮೇಲೆ

ಬೀಗದ ಕೈ ಕೊಡುವ ಮುಂಚೆ ಇಬ್ಬರೂ ಸೇರಿ ಮನೆ ಸುತ್ತಿ. ಮೀಟರ್ ರೀಡಿಂಗ್, ಫ್ಯಾನ್ ಎಷ್ಟು, ಗೀಸರ್ ಇದೆಯೋ, ಯಾವ ಬಾಗಿಲಿಗೆ ಚಿಲಕ ಸಡಿಲ, ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಗೋಡೆಗಳ ಫೋಟೊ ತೆಗೆದು ಇಬ್ಬರ ವಾಟ್ಸ್ಆಪ್‌ನಲ್ಲೂ ಇಟ್ಟುಕೊಳ್ಳಿ.

ಬಾಡಿಗೆ ಬ್ಯಾಂಕಿಗೇ ಬರಲಿ. ನೀವು ಮಾಲೀಕರು, ಅವರು ಬಾಡಿಗೆದಾರರು ಅನ್ನುವುದಕ್ಕೆ ತಿಂಗಳು ತಿಂಗಳು ಸಾಕ್ಷಿ ಸಿಗುತ್ತದೆ. "12 ವರ್ಷ ಇದ್ದರೆ ಮನೆ ಅವರದ್ದೇ ಆಗುತ್ತದಂತೆ" ಅನ್ನುವ ಮಾತು ಕಟ್ಟೆ ಕಟ್ಟೆಯಲ್ಲಿ ಕೇಳುತ್ತೇವೆ. ಆ 12 ವರ್ಷದ ಲೆಕ್ಕ ಇರುವುದು ಮಾಲೀಕರ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಕಾಣುವ ಹಾಗೆ ತನ್ನದು ಅಂತ ಕೂತವರಿಗೆ. ನಿಮ್ಮ ಒಪ್ಪಿಗೆ ಪಡೆದು, ಬಾಡಿಗೆ ಕೊಡುತ್ತಾ ಇರುವವರು ನೀವು ಮಾಲೀಕರೇ ಅಲ್ಲ ಅಂತ ವಾದಿಸಲು ಕಾನೂನು ಬಿಡುವುದಿಲ್ಲ. ತೊಂದರೆ ಆಗುವುದು ಕರಾರೂ ಇಲ್ಲದೆ, ಬಾಡಿಗೆಯ ದಾಖಲೆಯೂ ಇಲ್ಲದೆ, ವರ್ಷಗಟ್ಟಲೆ ಆ ಕಡೆ ತಲೆ ಹಾಕದೆ ಇದ್ದಾಗ. 11 ತಿಂಗಳು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೊಸ ಕರಾರು ಬರೆಯಿರಿ.

ದುಬೈ, ಅಮೆರಿಕದಲ್ಲಿ ಇರುವವರು ಊರಲ್ಲಿ ನಂಬಿಕೆಯ ಒಬ್ಬರಿಗೆ ಮುಖ್ತ್ಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಕೊಡಿ. ಬಾಡಿಗೆ ವಸೂಲಿ, ಕರಾರು, ನೋಟಿಸ್ ಇಷ್ಟಕ್ಕೆ ಮಾತ್ರ ಅಧಿಕಾರ ಇರಲಿ, ಮಾರುವ ಅಧಿಕಾರ ಬೇಡ. ಇನ್ನೊಂದು ಮಾತು: ಮಾಲೀಕರು ಎನ್ಆರ್‌ಐ ಆದರೆ ಬಾಡಿಗೆದಾರರು ಟಿಡಿಎಸ್, ಅಂದರೆ ಬಾಡಿಗೆಯಲ್ಲೇ ಮುರಿಯುವ ಆದಾಯ ತೆರಿಗೆ, ಹಿಡಿದು ಕಟ್ಟಬೇಕು. ತಿಂಗಳಿಗೆ 50,000 ರೂ. ದಾಟಿದರೆ ಮಾತ್ರ ಅನ್ನುವ ಮಿತಿ ಇಲ್ಲಿನ ನಿವಾಸಿ ಮಾಲೀಕರಿಗೆ. ಇದನ್ನು ಮೊದಲೇ ಹೇಳಿಬಿಡಿ.

ಏಳನೇ ಹೆಜ್ಜೆ: ಬಿಡಿಸಬೇಕಾಗಿ ಬಂದರೆ

ಮೊದಲು ಮಾತಾಡಿ. ಆಗದಿದ್ದರೆ ಬರವಣಿಗೆಯಲ್ಲಿ ನೋಟಿಸ್ ಕೊಡಿ. ಕರಾರಿನಲ್ಲಿ ಬೇರೆ ಹೇಳದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ವಕೀಲರ ಕೈಯಲ್ಲಿ ಬರೆಸಿ, ರಿಜಿಸ್ಟ್ರೇಷನ್ ಸೇರಿಸಿದ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ, ಸ್ವೀಕೃತಿ ಚೀಟಿ ಕಾಪಾಡಿ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟ್. ಅವಧಿ ಮುಗಿದದ್ದು ಕಾಗದದಲ್ಲೇ ಇದ್ದರೆ ಅಲ್ಲಿ ವಾದಿಸಲು ಜಾಸ್ತಿ ಏನೂ ಉಳಿಯುವುದಿಲ್ಲ.

ಕರೆಂಟ್ ತೆಗೆಯುವುದು, ನೀರು ನಿಲ್ಲಿಸುವುದು, ಅವರಿಲ್ಲದಾಗ ಬೀಗ ಬದಲಿಸಿ ಸಾಮಾನು ಹೊರಗೆ ಹಾಕುವುದು, ಇವು ಯಾವುದನ್ನೂ ಮಾಡಬೇಡಿ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ ಅವರು ಆರು ತಿಂಗಳ ಒಳಗೆ ಕೋರ್ಟಿಗೆ ಹೋಗಿ ಮತ್ತೆ ಒಳಗೆ ಬರಬಹುದು. ಆಗ ತಪ್ಪು ನಿಮ್ಮ ತಲೆಗೆ. ಮನೆ ಬಿಡುವ ದಿನ ಆ ಹಳೇ ಪಟ್ಟಿ ಕೈಯಲ್ಲಿ ಹಿಡಿದು ಇಬ್ಬರೂ ಸುತ್ತಿ, ಲೆಕ್ಕ ಹಾಕಿ, ಉಳಿದ ಅಡ್ವಾನ್ಸ್ ಅವತ್ತೇ ಕೊಡಿ.

ಶಿವಮೊಗ್ಗದ ಮನೆಗೆ ಕಳೆದ ಆಷಾಢ ಮುಗಿದ ಮೇಲೆ ಒಂದು ಸಂಸಾರ ಬಂದಿದೆ. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು. ಮೂರು ತಿಂಗಳ ಅಡ್ವಾನ್ಸ್, 11 ತಿಂಗಳ ಕರಾರು. ಹಿತ್ತಲಲ್ಲಿ ಬತ್ತಿಹೋಗಿದ್ದ ಕರಿಬೇವು ಚಿಗುರಿದೆ ಅಂತ ಅವರೇ ಮಾವನಿಗೆ ಫೋಟೊ ಕಳಿಸಿದ್ದರು. ಗದ್ದೆಗೆ ಈ ಸಲ ಆಚೆ ಮನೆಯ ಹುಡುಗನೇ ಟ್ರ್ಯಾಕ್ಟರ್ ಇಳಿಸುತ್ತಾನೆ, ಗಂಟೆ ಲೆಕ್ಕದಲ್ಲಿ. ಅಂಚು ಕಟ್ಟಲು ಬೇಸಿಗೆಯಲ್ಲೇ ಎರಡು ಆಳು ಹೇಳಿಟ್ಟಿದ್ದಾರೆ. ಕೂಲಿ ಬರೆದಿಡಲು ಮಾವ ಒಂದು ಉದ್ದ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ಸರ್ವೆ ನಂಬರ್ ಬರೆದಿದ್ದಾರೆ.